ಕವರ್ ಅಂಗಡಿಗೇ ಕವರ್

ಎಲ್ಲರ ಅಂಗಡಿಗೂ ಗಿರಾಕಿ ಬರುತ್ತಾರೆ. ನನ್ನ ಅಂಗಡಿಗೆ ಗಿರಾಕಿಯ ಹಿಂದೆಯೇ ಒಂದು ತಮಾಷೆಯೂ ಬಂದು ಕೂರುತ್ತದೆ. ಗಿರಾಕಿ ಹೋದರೂ ಅದು ಹೋಗುವುದಿಲ್ಲ.

ಗೋವಿಂದರಾಜನಗರದಲ್ಲಿ ನನ್ನದೊಂದು ಕವರ್ ಅಂಗಡಿ. ಕವರ್ ಅಂದರೆ ತರಕಾರಿ ತುಂಬಿಸಿಕೊಂಡು ಬರುವ ಪ್ಲಾಸ್ಟಿಕ್ ಕವರ್ ಅಲ್ಲ, ಮದುವೆಯಲ್ಲಿ ಗಂಡಿನ ಕೈಗೆ ತುರುಕುವ ಕವರೂ ಅಲ್ಲ. ಕಾರು, ಸ್ಕೂಟರು, ಸೋಫಾ, ಫ್ರಿಜ್ಜು, ವಾಷಿಂಗ್ ಮೆಷಿನ್ನು, ಮಿಕ್ಸಿ, ಹೀಗೆ ಮನುಷ್ಯ ಆಸೆಪಟ್ಟು ಮನೆಗೆ ತಂದು ಆಮೇಲೆ ಕಣ್ಣಿಗೆ ಕಾಣದ ಹಾಗೆ ಇಡಲು ಬಯಸುವ ಎಲ್ಲದಕ್ಕೂ ಅಳತೆ ತೆಗೆದು ಮುಸುಕು ಹೊಲಿಯುವ ಅಂಗಡಿ. ಪಿಯುಸಿಯಲ್ಲಿ ಇಂಗ್ಲಿಷ್ ನನ್ನನ್ನು ಕೆಡವಿ ಮನೆಗೆ ಕಳಿಸಿತ್ತು. ಅದೇ ಇಂಗ್ಲಿಷಿನ ಒಂದೇ ಒಂದು ಕ್ರಿಯಾಪದ ಇಷ್ಟು ವರ್ಷ ನನ್ನ ಮನೆಯ ಒಲೆ ಉರಿಸಿದೆ. ಬೋರ್ಡಿನ ಮೇಲೆ "ವಿ ಕವರ್ ಎವೆರಿಥಿಂಗ್" ಅಂತ ದೊಡ್ಡದಾಗಿ ಬರೆಸಿದ್ದೇನೆ.

ಆ ವಾಕ್ಯ ಬರೆದುಕೊಟ್ಟವರು ನಮ್ಮ ಬೀದಿಯ ಮೇಷ್ಟ್ರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವರು. ಬೆಳಿಗ್ಗೆ ಪೇಪರ್ ಹಿಡಿದುಕೊಂಡು ಬಂದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತರೆ ಊಟದ ಹೊತ್ತಿಗೇ ಏಳುವುದು. ಗಿರಾಕಿ ಏನು ಹೇಳಿದರೂ ಅವರಿಗೆ ಅದರಲ್ಲಿ ವ್ಯಾಕರಣ ಕಾಣುತ್ತದೆ.

"ನೋಡಯ್ಯಾ, ನಮ್ಮಲ್ಲಿ ಪಾತ್ರೆ ಆದ್ರೆ ಮುಚ್ಚೋದು, ಮಗು ಆದ್ರೆ ಹೊದಿಸೋದು, ಪುಸ್ತಕ ಆದ್ರೆ ಬೈಂಡ್ ಹಾಕೋದು, ತಪ್ಪು ಮಾಡಿದ್ರೆ ತಿಪ್ಪೆ ಸಾರಿಸೋದು. ಇಂಗ್ಲಿಷಿನವರು ಸೋಮಾರಿಗಳು. ಎಲ್ಲಕ್ಕೂ ಒಂದೇ ಕವರ್. ಆದ್ರೆ ಒಂದು ಜ್ಞಾಪಕ ಇಟ್ಕೋ, ಅದು ಸಕರ್ಮಕ ಕ್ರಿಯಾಪದ. ಏನನ್ನ ಅಂತ ಕೇಳಿದ್ರೆ ಉತ್ತರ ಇರಲೇಬೇಕು. ಕರ್ಮ ಇಲ್ಲದೆ ಕವರ್ ಇಲ್ಲ."

"ಕರ್ಮಕ್ಕೇನು ಬರ ಮೇಷ್ಟ್ರೇ" ಅಂದೆ, ನನ್ನ ಅಂಗಡಿಯ ಮುಂಭಾಗ ತೋರಿಸಿ.

ಅದು ನನ್ನ ಈ ವರ್ಷದ ಗೋಳು. ಯುಗಾದಿ ಕಳೆದ ಮೇಲೆ ನಮ್ಮ ಏರಿಯಾದ ಲೀಡರೊಬ್ಬರ ಹುಟ್ಟುಹಬ್ಬ ಬಂತು. ಅವರ ಹುಡುಗರು ಕರೆಂಟ್ ಕಂಬದಿಂದ ಹೊಂಗೆ ಮರಕ್ಕೆ ಹಗ್ಗ ಎಳೆದು ಒಂದು ಫ್ಲೆಕ್ಸ್ ಕಟ್ಟಿದರು. ಕಂಬ ಮತ್ತು ಮರದ ನಡುವೆ ಇರುವುದು ನನ್ನ ಅಂಗಡಿ. ಕೈಮುಗಿದು ನಿಂತ ಲೀಡರ ಹೊಟ್ಟೆಯ ಹಿಂದೆ ನನ್ನ ಬೋರ್ಡು. ಹುಟ್ಟುಹಬ್ಬ ಮುಗಿಯಿತು, ಫ್ಲೆಕ್ಸ್ ಮುಗಿಯಲಿಲ್ಲ. ಅದರ ಮೇಲೆ ಅಣ್ಣಮ್ಮನ ಉತ್ಸವದ ಶುಭಾಶಯ ಬಂತು. ಅದರ ಮೇಲೆ ಲೀಡರ ಮಗ ಎಸ್ಸೆಸ್ಸೆಲ್ಸಿ ಪಾಸಾದದ್ದಕ್ಕೆ ಅಭಿನಂದನೆ ಬಂತು. ಪಾಸಾದ ಹುಡುಗನಿಗಿಂತ ಅಪ್ಪನ ಮುಖವೇ ದೊಡ್ಡದಿತ್ತು.

ಮಳೆಗಾಲ ನಮಗೆ ಗಾಡಿ ಕವರಿನ ಸೀಸನ್ನು, ಶ್ರಾವಣ ಸೋಫಾ ಕವರಿನ ಸೀಸನ್ನು. ಇವೆರಡೂ ಫ್ಲೆಕ್ಸಿನ ಹಿಂದೆಯೇ ಕಳೆದುಹೋದರೆ ಅಂಗಡಿ ಬಾಗಿಲು ಹಾಕಿಕೊಂಡು ಹೋಗಬೇಕಾಗುತ್ತದೆ ಅಂತ ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಕತ್ತರಿ ಕೈಯಲ್ಲೇ ಇದೆ, ಹರಿದುಹಾಕಬಹುದಲ್ಲ ಅಂತ ನೀವು ಕೇಳಬಹುದು. ಅದನ್ನು ಹರಿದರೆ ಆ ಹುಡುಗರು ನನ್ನನ್ನೇ ಹೊಲಿಯುತ್ತಾರೆ.

"ಅಂಗಡಿ ಮುಚ್ಚಬೇಕಾಗುತ್ತೇನೋ ಕಣೇ" ಅಂತ ಹೆಂಡತಿಗೆ ಹೇಳಿದೆ.

"ಹೊಸದಾಗಿ ಮುಚ್ಚೋದೇನಿದೆ ರೀ, ಆಗ್ಲೇ ಮುಚ್ಚಿದಾರಲ್ಲ" ಅಂದಳು.

ಅಳತೆಗೆ ಸರಿಯಾದ ಸೋಫಾ

ಇದು ಫ್ಲೆಕ್ಸಿಗೆ ಮುಂಚಿನ, ಅಂದರೆ ನನ್ನ ಬೋರ್ಡು ಜನರಿಗೆ ಕಾಣುತ್ತಿದ್ದ ಸುಖದ ಕಾಲದ ಮಾತು.

ಬಸವೇಶ್ವರನಗರದ ಆಂಟಿಯೊಬ್ಬರು ಸೋಫಾಕ್ಕೆ ಕವರ್ ಬೇಕು ಅಂತ ಮನೆಗೆ ಕರೆಸಿದರು. ಹೋದೆ. ಹಾಲಿನ ಅರ್ಧ ಜಾಗ ಸೋಫಾವೇ ತಿಂದಿತ್ತು. ಅಂಕಲ್ ಮಾತ್ರ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಟೀವಿ ನೋಡುತ್ತಿದ್ದರು. ಅವರ ಕೈಯಲ್ಲಿದ್ದ ರಿಮೋಟಿಗೂ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿತ್ತು. ಸೋಫಾದ ಮೇಲೆ ಅಂಗಡಿಯವರು ಸುತ್ತಿಕೊಟ್ಟ ಪ್ಲಾಸ್ಟಿಕ್ ಹಾಗೇ ಇತ್ತು. ಅದರ ಮೇಲೆ ಬೆಡ್‌ಶೀಟು. ಬೆಡ್‌ಶೀಟಿನ ಮೇಲೆ ಆಂಟಿ ಸ್ವಂತ ಕೈಯಿಂದ ಹಾಕಿದ ಕ್ರೋಶಾ.

"ಇದೆಲ್ಲ ತೆಗೆದು ಅಳತೆ ತಗೊಳ್ಲಾ ಆಂಟಿ?"

"ಅಯ್ಯೋ ಬೇಡಪ್ಪ, ಧೂಳು ಕೂರುತ್ತೆ. ಮೇಲಿಂದಾನೇ ತಗೊಳ್ಳಿ."

"ಸೋಫಾ ಯಾವ ಬಣ್ಣ? ಅದಕ್ಕೆ ಹೊಂದೋ ಬಟ್ಟೆ ತೋರಿಸ್ತೀನಿ."

"ಮರೂನ್" ಅಂದರು ಆಂಟಿ.

"ಅಲ್ಲ ಕಣೇ, ಕಾಫಿ ಬಣ್ಣ" ಅಂದರು ಅಂಕಲ್.

"ನಿಮಗೇನ್ರೀ ಗೊತ್ತು?"

"ನಾನು ನೋಡಿದೀನಿ. ಅಂಗಡೀಲಿ."

ನಾನು ಎರಡಕ್ಕೂ ಒಪ್ಪುವ ಹಾಗೆ ಒಂದು ಬಟ್ಟೆ ಹೊಲಿದು, ಫ್ಯಾನ್ ಗಾಳಿಗೆ ಜಾರದಂತೆ ಬಕಲ್ ಹಾಕಿ ತೊಡಿಸಿ ಬಂದೆ. ಮಾರನೆಯ ವಾರವೇ ಫೋನ್ ಬಂತು. "ಕವರ್ ತುಂಬ ಚೆನ್ನಾಗಿ ಬಂದಿದೆಯಪ್ಪ. ಅದು ಕೊಳೆಯಾಗದ ಹಾಗೆ ಮೇಲೊಂದು ಟ್ರಾನ್ಸ್‌ಪರೆಂಟ್ ಕವರ್ ಹೊಲಿದುಕೊಡಿ." ಹೊಲಿದುಕೊಟ್ಟೆ. ನನಗೇನು ಕಷ್ಟ, ಅವರು ಹತ್ತು ಹಾಕಿಸಿದರೆ ಹತ್ತು ಹೊಲಿಯುತ್ತೇನೆ.

ಮುಂದಿನ ವರ್ಷ ಗೌರಿ ಹಬ್ಬಕ್ಕೆ ಮಗಳ ಅತ್ತೆ ಮನೆಯವರು ಬರುತ್ತಾರೆ ಅಂತಾಯಿತು. ಬೀಗರು ಕೂರಲಿಕ್ಕೆ ಸೋಫಾ ಬಿಚ್ಚಲೇಬೇಕು ಅಂತ ಮನೆಯಲ್ಲಿ ತೀರ್ಮಾನವಾಯಿತು. ಬಕಲ್ ಬಿಚ್ಚಲು ನನ್ನನ್ನೇ ಕರೆಸಿದರು. ಟ್ರಾನ್ಸ್‌ಪರೆಂಟ್ ತೆಗೆದೆ, ಬಟ್ಟೆ ತೆಗೆದೆ, ಕ್ರೋಶಾ, ಬೆಡ್‌ಶೀಟು, ಪ್ಲಾಸ್ಟಿಕ್ಕು ಎಲ್ಲ ತೆಗೆದೆ. ಅಂಕಲ್ ಬಣ್ಣ ನೋಡಲು ಕುರ್ಚಿಯಿಂದ ಎದ್ದು ಬಂದರು.

ಬಣ್ಣ ಇರಲಿಲ್ಲ. ಸೋಫಾವೇ ಇರಲಿಲ್ಲ. ಇಲಿಗಳು ಕೆಳಗಿನಿಂದ ಹೊಕ್ಕು, ಸ್ಪಂಜು, ನಾರು, ಬಟ್ಟೆ ಎಲ್ಲ ತಿಂದು, ಮರದ ಚೌಕಟ್ಟು ಮತ್ತು ಸ್ಪ್ರಿಂಗುಗಳನ್ನು ಮಾತ್ರ ನಮಗೆ ಬಿಟ್ಟಿದ್ದವು. ಯಾರೂ ಒಂದು ದಿನವೂ ಅದರ ಮೇಲೆ ಕೂತಿರಲಿಲ್ಲವಾದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಅದು ಮರೂನೋ ಕಾಫಿಯೋ ಅನ್ನುವುದು ಈಗ ಇಲಿಗಳಿಗೆ ಮಾತ್ರ ಗೊತ್ತು.

ಆಂಟಿ ಬಗ್ಗಿ ಒಂದು ಸ್ಪ್ರಿಂಗನ್ನು ಮುಟ್ಟಿ ನೋಡಿದರು. ನನಗೂ ಪಾಪ ಅನ್ನಿಸಿತು. ಆಮೇಲೆ ನೆಲದ ಮೇಲಿದ್ದ ನನ್ನ ಕವರನ್ನು ಎತ್ತಿ, ಕೊಡವಿ, ಬೆಳಕಿಗೆ ಹಿಡಿದು ನೋಡಿದರು.

"ಒಂದು ಕಡೆಯೂ ಹರಿದಿಲ್ಲ ನೋಡಿ, ಎಷ್ಟು ಚೆನ್ನಾಗಿದೆ" ಅಂದರು. "ಈ ಕವರಿನ ಅಳತೆಗೆ ಸರಿಯಾಗಿ ಒಂದು ಸೋಫಾ ಎಲ್ಲಿ ಸಿಗುತ್ತಪ್ಪ?"

ಇಲ್ಲದ ಮಹಡಿ

ಅದೇ ಸುಖದ ಕಾಲದಲ್ಲಿ ಶ್ರೀಗಂಧದ ಕಾವಲಿನಿಂದ ಒಬ್ಬ ಮನೆ ಓನರ್ ಬಂದು, "ಮನೆಗೆ ಕವರ್ ಹೊಲೀತೀರಾ?" ಅಂತ ಕೇಳಿದರು.

"ಮನೇಲಿ ಯಾವುದಕ್ಕೆ ಸಾರ್? ಸೋಫಾನಾ, ಫ್ರಿಜ್ಜಾ?"

"ಮನೆಗೇ ಕಣ್ರೀ."

ವಿಷಯ ಇಷ್ಟು. ಪ್ಲಾನಿನಲ್ಲಿ ಇದ್ದದ್ದಕ್ಕಿಂತ ಒಂದು ಮಹಡಿ ಜಾಸ್ತಿ ಎದ್ದುಬಿಟ್ಟಿತ್ತು. ತಾನಾಗಿಯೇ ಎದ್ದಿತ್ತು ಅನ್ನುವ ಹಾಗೆ ಅವರು ಮಾತಾಡುತ್ತಿದ್ದರು. ಪಕ್ಕದ ಮನೆಯವರು ಯಾರೋ ದೂರು ಕೊಟ್ಟು, ಕಾರ್ಪೊರೇಷನ್ ಇಂಜಿನಿಯರ್ ನೋಡಲು ಬರುವವರಿದ್ದರು. ಮೇಲಿನ ಮಹಡಿಯನ್ನು ಸುತ್ತಲೂ ಹಸಿರು ನೆಟ್ಟಿನಿಂದ ಮುಚ್ಚಿಬಿಟ್ಟರೆ ಟೆರೇಸ್ ಗಾರ್ಡನ್ ಅಂತ ಹೇಳಬಹುದು ಅನ್ನುವುದು ಓನರ್ ಲೆಕ್ಕಾಚಾರ.

"ಮೇಲೆ ಬಾಡಿಗೆಗೆ ಸಂಸಾರ ಇದೆ ಅಂದ್ರಲ್ಲ ಸಾರ್?"

"ಅವರಿಗೆ ಹೇಳಿದೀನಿ ಬಿಡಿ. ಇಂಜಿನಿಯರ್ ಹೋಗೋವರೆಗೂ ಉಸಿರಾಡಬೇಡಿ ಅಂತ."

ಕೆಲಸ ಅಂದಮೇಲೆ ಕೆಲಸ. ನೆಟ್ಟಿಗೆ ಅಂಚು ಹೊಲಿದು, ಕಂಬಿಗೆ ಬಿಗಿದು ಮುಗಿಸುವಷ್ಟರಲ್ಲಿ ಇಂಜಿನಿಯರ್ ಬಂದೇಬಿಟ್ಟರು. ನಾನು ಏಣಿ ಹಿಡಿದುಕೊಂಡು ಗೇಟಿನ ಪಕ್ಕ ನಿಂತೆ.

ಇಂಜಿನಿಯರ್ ಕತ್ತೆತ್ತಿ ನೋಡಿದರು. "ಮೇಲೆ ಏನ್ರೀ ಅದು?"

"ಗಾರ್ಡನ್ ಸಾರ್. ನಮ್ಮನೆಯವಳಿಗೆ ಗಿಡ ಅಂದ್ರೆ ಪ್ರಾಣ. ಟೊಮೇಟೊ ಹಾಕಿದೀವಿ."

ಆಗ ಟೊಮೇಟೊ ತೋಟದೊಳಗಿಂದ ಕುಕ್ಕರ್ ಕೂಗಿತು. ಓನರ್ ಕೆಮ್ಮಿದರು. ಕುಕ್ಕರ್ ಇನ್ನೊಂದು ಸಲ ಕೂಗಿತು. ಎಷ್ಟು ಅಂತ ಕೆಮ್ಮುತ್ತಾರೆ ಪಾಪ.

"ಟೊಮೇಟೊ ಚೆನ್ನಾಗಿ ಬೇಯ್ತಾ ಇದೆ" ಅಂದರು ಇಂಜಿನಿಯರ್.

ಅಷ್ಟರಲ್ಲಿ ನಾನು ಆಗತಾನೇ ಬಿಗಿದ ನೆಟ್ಟು ಅಲುಗಾಡಿತು. ಅದರ ಸಂದಿಯಿಂದ ಹೆಂಗಸೊಬ್ಬರ ತಲೆ ಹೊರಗೆ ಬಂತು. "ಓನರ್ ಅಂಕಲ್, ಬೆಳಿಗ್ಗೆಯಿಂದ ನಲ್ಲೀಲಿ ಒಂದು ತೊಟ್ಟು ನೀರಿಲ್ಲ! ಉಸಿರಾಡಬೇಡಿ ಅಂದ್ರಿ, ಸುಮ್ಮನಿದ್ವಿ. ನೀರೂ ಕುಡೀಬಾರ್ದಾ?"

ಓನರ್ ಆ ದನಿ ಆಕಾಶದಿಂದ ಬಂತು ಅನ್ನುವ ಹಾಗೆ ಆಕಾಶ ನೋಡುತ್ತಾ ನಿಂತರು. ಇಂಜಿನಿಯರ್ ಫೈಲು ಮುಚ್ಚಿದರು.

"ಇಲ್ಲದ ಮಹಡಿ ವಿಷಯ ಒಳಗೆ ಕೂತು ಮಾತಾಡೋಣ" ಅಂದರು. "ಮೊದಲು ಅದಕ್ಕೆ ನೀರು ಬಿಡ್ರೀ."

ಒಳಗೆ ಕೂತು ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಮಹಡಿ ಮಾತ್ರ ಈಗಲೂ ಇದೆ. ಮೊನ್ನೆ ಆ ಕಡೆ ಹೋದಾಗ ನೋಡಿದೆ, ಅದರ ಮೇಲೆ ಇನ್ನೊಂದಕ್ಕೆ ಪಿಲ್ಲರ್ ಎಬ್ಬಿಸಿದ್ದಾರೆ. ಮೇಷ್ಟ್ರಿಗೆ ಹೇಳಿದರೆ, "ಕವರ್ ಸರಿಯಾಗೇ ಹಾಕಿದೀಯ ಬಿಡು. ಕರ್ಮಕ್ಕೆ ಬಾಯಿದ್ರೆ ಕ್ರಿಯಾಪದ ತಾನೇ ಏನು ಮಾಡುತ್ತೆ" ಅಂದರು.

ಬಗ್ಗಿ ಬನ್ನಿ

ಫ್ಲೆಕ್ಸ್ ಕಟ್ಟಬಾರದು ಅಂತ ಕಾನೂನೇ ಇದೆ ಅಂತ ಮೇಷ್ಟ್ರು ಒಂದು ದಿನ ಪೇಪರಿನಲ್ಲಿ ಓದಿ ಹೇಳಿದರು. ನನಗೆ ಎಲ್ಲಿಲ್ಲದ ಧೈರ್ಯ ಬಂತು. ಕಾರ್ಪೊರೇಷನ್ ಆಫೀಸಿಗೆ ಹೋದೆ. ಅಲ್ಲಿದ್ದವರು ಮೊಬೈಲಿನಿಂದ ಫೋಟೋ ಸಮೇತ ದೂರು ಕಳಿಸಿ ಅಂದರು. ರಸ್ತೆಯ ಆ ಕಡೆ ನಿಂತು, ಫ್ಲೆಕ್ಸಿನ ಫೋಟೋ ತೆಗೆದು, ನನ್ನ ಅಂಗಡಿ ಮುಚ್ಚಿಹೋಗಿದೆ ಅಂತ ಬರೆದು ಕಳಿಸಿದೆ.

ಉತ್ತರ ಬಂತು: "ನೀವು ಕಳಿಸಿದ ಚಿತ್ರದಲ್ಲಿ ಅಂಗಡಿ ಕಾಣುತ್ತಿಲ್ಲ. ದಯವಿಟ್ಟು ಅಂಗಡಿ ಕಾಣುವ ಚಿತ್ರ ಕಳಿಸಿ."

ಅಂಗಡಿ ಕಾಣುತ್ತಿದ್ದರೆ ನಾನು ಯಾಕಪ್ಪಾ ನಿಮಗೆ ಚಿತ್ರ ಕಳಿಸುತ್ತಿದ್ದೆ?

ಅಷ್ಟರಲ್ಲಿ ಗಿರಾಕಿಗಳ ಕಾಟ ಬೇರೆ. ಕಾಟ ಅಂದರೆ ಅವರು ಬಂದದ್ದಲ್ಲ, ಬಂದರೂ ಸಿಗದೇ ಹೋಗುತ್ತಿದ್ದದ್ದು. ಅಂಗಡಿಯ ಮುಂದೆಯೇ ನಿಂತು ಫೋನ್ ಮಾಡುತ್ತಿದ್ದರು.

"ಎಲ್ಲಿ ಬರುತ್ತೆ ಸಾರ್ ನಿಮ್ಮ ಅಂಗಡಿ?"

"ನೀವೆಲ್ಲಿದೀರ?"

"ಇಲ್ಲೊಂದು ದೊಡ್ಡ ಫ್ಲೆಕ್ಸ್ ಇದೆ, ಅದರ ಮುಂದೆ."

"ಹಾಗಾದ್ರೆ ಬಗ್ಗಿ ಬನ್ನಿ."

ಫ್ಲೆಕ್ಸಿನ ಕೆಳಗೆ ಎದೆಮಟ್ಟದ ಸಂದಿಯೊಂದಿತ್ತು. ನನ್ನ ಅಂಗಡಿಗೆ ಬರುವವರೆಲ್ಲ ಲೀಡರಿಗೆ ತಲೆಬಾಗಿಯೇ ಬರಬೇಕು. ಮಂಡಿನೋವಿನ ಮೇಷ್ಟ್ರು ದಿನಾ ಬೆಳಿಗ್ಗೆ ಒಂದು ಸಲ, ಊಟಕ್ಕೆ ಹೋಗುವಾಗ ಒಂದು ಸಲ ತಲೆಬಾಗುತ್ತಿದ್ದರು. "ಸರ್ವೀಸಿನಲ್ಲಿದ್ದಾಗ ಹೆಡ್‌ಮಾಸ್ಟರಿಗೂ ಇಷ್ಟು ಬಗ್ಗಿರಲಿಲ್ಲ ಕಣಯ್ಯಾ" ಅನ್ನುತ್ತಿದ್ದರು.

ಕೊನೆಗೆ ಒಂದು ದಿನ ಆಫೀಸಿನಿಂದ ಏಣಿ ಹೊತ್ತುಕೊಂಡು ಒಬ್ಬ ಬಂದ. ನಾನು ಬೇಕರಿಯಿಂದ ಟೀ ತರಿಸಿಕೊಟ್ಟೆ. ಅವನು ಟೀ ಕುಡಿದು, ಏಣಿ ಹತ್ತಿ, ಲೀಡರ ಮುಖಕ್ಕೆ ಮುಖ ಕೊಟ್ಟ. ಹಾಗೇ ಇಳಿದು ಬಂದ.

"ಇವರು ಆ ಅಣ್ಣ ಅಲ್ವಾ ಸಾರ್?"

"ಹೌದು. ಅದಕ್ಕೇನೀಗ? ತೆಗೀಬೇಕಲ್ಲ?"

ಅವನು ತಲೆ ಕೆರೆದುಕೊಂಡು ಮತ್ತೆ ಏಣಿ ಹತ್ತಿದ. ನನಗೆ ಸಂತೋಷ ತಡೆಯಲಾಗಲಿಲ್ಲ. ಮೇಲೆ ಏನೋ ಹಗ್ಗದ ಜೊತೆ ಗುದ್ದಾಡಿ, ಕೈ ಒರೆಸಿಕೊಂಡು ಇಳಿದ.

"ಒಂದು ಮೂಲೆ ಬಿಚ್ಚಿಕೊಂಡಿತ್ತು ಸಾರ್. ಬಿಗಿಯಾಗಿ ಕಟ್ಟಿದೀನಿ" ಅಂದ. "ಇನ್ನು ಎಂಥ ಗಾಳಿ ಬಂದ್ರೂ ನಿಮ್ಮ ಕಂಪ್ಲೇಂಟ್ ಇರಲ್ಲ."

ಸದ್ದು ಮಾಡದ ಕಾರು

ಫ್ಲೆಕ್ಸಿಗೆ ಮುಂಚೆ ಅತ್ತಿಗುಪ್ಪೆಯಿಂದ ಬಂದ ಒಬ್ಬರು ಕಾರ್ ಕವರ್ ಕೇಳಿದರು.

"ಯಾವ ಕಾರು ಸಾರ್?"

"ಯಾವುದಾದ್ರೂ ಪರವಾಗಿಲ್ಲ. ಸ್ವಲ್ಪ ದೊಡ್ಡದು ಇರಲಿ."

"ಅಳತೆಗೆ ಮಾಡೆಲ್ ಬೇಕಲ್ಲ ಸಾರ್."

"ಕಾರಿನ ಹಾಗೆ ಕಾಣ್ಬೇಕು, ಅಷ್ಟೇ."

ನಾನು ಜಾಸ್ತಿ ಕೇಳಲಿಲ್ಲ. ಹೊಲಿದುಕೊಟ್ಟೆ. ಒಂದಷ್ಟು ದಿನ ಬಿಟ್ಟು, ಒಂದು ಬದಿ ಹೊಲಿಗೆ ಬಿಟ್ಟಿದೆ ಅಂತ ಕರೆದರು. ಸೂಜಿ ದಾರ ತೆಗೆದುಕೊಂಡು ಹೋದೆ. ಅವರ ಮನೆಯ ಮುಂದೆ, ರಸ್ತೆಯ ಮೇಲೆ, ನನ್ನ ಕವರ್ ಹೊದ್ದು ಕಾರು ನಿಂತಿತ್ತು. ಅಕ್ಕಪಕ್ಕ ಪಾರ್ಕಿಂಗಿಗೆ ದಿನಾ ಜಗಳ ನಡೆಯುವ ಬೀದಿ ಅದು. ಆ ಕಾರಿನ ಜಾಗಕ್ಕೆ ಮಾತ್ರ ಯಾರೂ ಬಂದಿರಲಿಲ್ಲ.

ನಾನು ಹೊಲಿಗೆಗೆ ಕೂರುವಷ್ಟರಲ್ಲಿ ಡೆಲಿವರಿ ಹುಡುಗನೊಬ್ಬ ವೇಗವಾಗಿ ಬಂದು, ಎದುರಿಗೆ ನಾಯಿ ಅಡ್ಡ ಬಂದದ್ದಕ್ಕೆ ಬ್ರೇಕ್ ಹಾಕಿ, ಜಾರಿ ಕಾರಿಗೆ ಗುದ್ದಿದ. ಧಡ್ ಅಂತ ಸದ್ದಾಯಿತು. ಮನೆಯಿಂದ ಓನರ್ ಓಡಿ ಬಂದರು.

"ಏನಯ್ಯಾ, ಕಣ್ಣು ಕಾಣಲ್ವಾ? ಹೊಸ ಗಾಡಿ! ಬಂಪರ್ ಹೋಯ್ತು, ಲೈಟ್ ಹೋಯ್ತು!"

ಹುಡುಗ ಉತ್ತರ ಕರ್ನಾಟಕದ ಕಡೆಯವನು. ಕೈಮುಗಿದ. "ತಪ್ಪಾತ್ರಿ ಸರ್ರ. ಎಲ್ಲಿ ಪೆಟ್ಟ ಬಿದ್ದೈತಿ ತೋರಸ್ರಿ, ನೋಡೂಣು."

"ತೋರಿಸೋದೇನು? ಒಳಗಡೆ ಆಗಿದೆ. ಹೊರಗೆ ಕಾಣಲ್ಲ."

"ಕವರ್ ತಗದ್ರ ಕಾಣ್ತೈತಲ್ರಿ" ಅಂತ ಅವನು ಬಾಗಿ, ಓನರ್ ಬೇಡ ಅನ್ನುವುದರೊಳಗೆ ಕವರನ್ನು ಅರ್ಧಕ್ಕೆ ಎತ್ತಿಬಿಟ್ಟ.

ಒಳಗೆ ಎರಡು ನೀಲಿ ಡ್ರಮ್ಮು, ಒಂದು ಮುರಿದ ಮಂಚ, ಮಂಚದ ಮೇಲೆ ಕಾರಿನ ಮಾಡು ಕಾಣಲಿ ಅಂತ ಬೋರಲು ಹಾಕಿದ ಮಗುವಿನ ತೊಟ್ಟಿಲು. ಜಾಗ ಹಿಡಿಯಲಿಕ್ಕೆ ಮಾಡಿದ ಕಾರು. ಯಾವತ್ತಾದರೂ ಕಾರು ಕೊಂಡರೆ ನಿಲ್ಲಿಸಲಿಕ್ಕೆ ಜಾಗ ಬೇಕಲ್ಲ ಅಂತ ಮೊದಲೇ ಹಿಡಿದಿಟ್ಟಿದ್ದರಂತೆ.

ಹುಡುಗ ಒಂದು ಕ್ಷಣ ನೋಡಿದ. ಅವನಿಗೆ ಅರ್ಥವಾಗಲಿಲ್ಲವೋ, ಪೂರ್ತಿ ಅರ್ಥವಾಯಿತೋ, ನನಗೆ ಇವತ್ತಿಗೂ ಅನುಮಾನ. ಎರಡೂ ಕೈ ತಲೆಯ ಮೇಲೆ ಹೊತ್ತು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ.

"ಯಪ್ಪಾ! ಸರ್ರ, ನಿಮ್ಮ ಗಾಡಿ ಯಾರೋ ಕದ್ದಕೊಂಡ ಹೋಗ್ಯಾರ್ರಿ!"

ಬೀದಿಯವರೆಲ್ಲ ಹೊರಗೆ ಬಂದರು. ಹಾಡಹಗಲೇ ಕಾರು ಕದ್ದು ಮಂಚ ಇಟ್ಟು ಹೋಗಿದ್ದಾರೆ ಅಂತ ಎಲ್ಲರಿಗೂ ಗಾಬರಿ. ಒಬ್ಬರು ಪೊಲೀಸಿಗೆ ಫೋನ್ ಮಾಡುತ್ತೇನೆ ಅಂದರು, ಇನ್ನೊಬ್ಬರು ತಮ್ಮ ಮನೆ ಕ್ಯಾಮೆರಾದಲ್ಲಿ ಸಿಕ್ಕಿರುತ್ತದೆ ಅಂದರು. ಓನರ್ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಬೇಡ, ಬಿಡಿ, ಬಿಡಿ. ಇನ್ಶೂರೆನ್ಸಿನಲ್ಲಿ ಕವರ್ ಆಗುತ್ತೆ" ಅಂತ ಅವರೇ ಎಲ್ಲರಿಗೂ ಸಮಾಧಾನ ಹೇಳಬೇಕಾಯಿತು.

ಎದುರುಮನೆಯ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಬಂಗಾರದಂಥ ಕಾರು ಕಣಪ್ಪ. ಇಷ್ಟು ದಿನದಲ್ಲಿ ಒಂದು ಸಲ ಹಾರ್ನ್ ಮಾಡಿದ್ದು ಕೇಳಿಲ್ಲ."

ಅನಾವರಣ

ಶ್ರಾವಣ ಶುರುವಾಯಿತು. ಫ್ಲೆಕ್ಸ್ ಹಾಗೇ ಇತ್ತು. ಹೊಸ ಆರ್ಡರ್ ಒಂದೂ ಇರಲಿಲ್ಲ. ಮೆಷಿನ್ನಿಗೆ ಎಣ್ಣೆ ಬಿಟ್ಟು, ಒರೆಸಿ, ಮತ್ತೆ ಎಣ್ಣೆ ಬಿಡುವುದೇ ನನ್ನ ಕೆಲಸವಾಗಿತ್ತು. ಈ ತಿಂಗಳು ನೋಡಿ ಅಂಗಡಿ ಖಾಲಿ ಮಾಡೋಣ ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ.

ಆಗ ಲೀಡರ ಬಲಗೈ ಬಂಟ ಫ್ಲೆಕ್ಸಿನ ಕೆಳಗೆ ಬಗ್ಗಿಕೊಂಡು ಒಳಗೆ ಬಂದ. ನನ್ನ ಅಂಗಡಿಯ ಎದುರಿಗೆ, ಪಾರ್ಕಿನ ಗೇಟಿನ ಪಕ್ಕ, ಹಿರಿಯ ನಾಗರಿಕರಿಗೆ ಅಂತ ಒಂದು ಕಲ್ಲುಬೆಂಚು ಹಾಕಿಸಿದ್ದರು. ಬೆಂಚಿನ ಪಕ್ಕ ಲೀಡರ ಹೆಸರಿನ ಕಲ್ಲು. ಬೆಂಚಿನ ಮೇಲೆ ಇಬ್ಬರು ಕೂರಬಹುದು. ಹೆಸರಿನ ಕಲ್ಲು ಮಲಗಿಸಿದ್ದರೆ ನಾಲ್ಕು ಜನ ಕೂರಬಹುದಿತ್ತು.

"ಆ ಕಲ್ಲಿಗೆ ಒಂದು ಕವರ್ ಬೇಕು ಕಣಣ್ಣ. ಶುಕ್ರವಾರ ನಮ್ಮಣ್ಣ ಬಂದು ಅನಾವರಣ ಮಾಡ್ತಾರೆ" ಅಂದ. "ಹೋದ ಸಲ ಬೇರೆ ಕಡೆ ಬರೀ ಬಟ್ಟೆ ಹೊದಿಸಿದ್ವಿ. ಅಣ್ಣ ಬರೋದ್ರೊಳಗೆ ಗಾಳಿಗೆ ಹಾರಿಹೋಗಿ ಮರ್ಯಾದೆ ಹೋಯ್ತು. ಈ ಸಲ ಗಾಳಿ ಬಂದ್ರೂ ಹಾರಬಾರ್ದು, ಮಳೆ ಬಂದ್ರೂ ನೆನೀಬಾರ್ದು, ನಾಯಿ ಎಳೆದ್ರೂ ಬರಬಾರ್ದು."

ಎಷ್ಟೋ ದಿನದ ಮೇಲೆ ಕೆಲಸ ಸಿಕ್ಕಿತ್ತು. ಶ್ರದ್ಧೆಯಿಂದ ಹೊಲಿದೆ. ಕಾರಿಗೆ ಹಾಕುವ ದಪ್ಪ ಬಟ್ಟೆ, ಕೆಳಗೆ ಸುತ್ತಲೂ ಎಲಾಸ್ಟಿಕ್ಕು, ಹಿಂಬದಿ ಎರಡು ಪಟ್ಟಿ, ಬಕಲ್ಲು. ಮುಂದೆ ಚಂದಕ್ಕೆ ಒಂದು ಕೆಂಪು ರಿಬ್ಬನ್. ತೊಡಿಸಿದ ಮೇಲೆ ಬಂಟನಿಗೆ, "ಮೊದಲು ಹಿಂದಿನ ಬಕಲ್ ಬಿಚ್ಚಬೇಕು, ಆಮೇಲೆ ರಿಬ್ಬನ್ ಎಳೀಬೇಕು" ಅಂತ ಬಿಡಿಸಿ ಹೇಳಿದೆ. ಅವನು ಫೋನಿನಲ್ಲಿದ್ದ. ಹೂಂ ಅಂದ. ಆ ಹೂಂ ನನಗಲ್ಲ, ಫೋನಿಗೆ ಅಂತ ಆಮೇಲೆ ಗೊತ್ತಾಯಿತು.

ಶುಕ್ರವಾರ ತಮಟೆ ಬಂತು, ಹಾರ ಬಂತು, ಫೋಟೋಗ್ರಾಫರ್ ಬಂದ. ಬೆಂಚಿನ ಮೇಲೆ ಕೂರಬೇಕಾದ ಹಿರಿಯ ನಾಗರಿಕರನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿದರು. ಮೇಷ್ಟ್ರೂ ಆ ಸಾಲಿನಲ್ಲಿದ್ದರು. ಹೊತ್ತು ಮೀರಿದ ಮೇಲೆ ಲೀಡರು ಬಂದರು. ರಿಬ್ಬನ್ ಹಿಡಿದು, ಕ್ಯಾಮೆರಾ ಕಡೆ ನಗುತ್ತಾ, ಎಳೆದರು. ರಿಬ್ಬನ್ ಕೈಗೆ ಬಂತು, ಕವರ್ ಬರಲಿಲ್ಲ.

ಚಪ್ಪಾಳೆ ತಟ್ಟಲು ಎತ್ತಿದ ಕೈಗಳೆಲ್ಲ ಹಾಗೇ ಗಾಳಿಯಲ್ಲಿ ನಿಂತವು.

ಲೀಡರು ಬಟ್ಟೆಯನ್ನೇ ಹಿಡಿದು ಎಳೆದರು. ಎಲಾಸ್ಟಿಕ್ಕು ಅಷ್ಟುದ್ದ ಬಂದು ಚಟಾರ್ ಅಂತ ಹಿಂದಕ್ಕೆ ಹೋಗಿ ಅವರ ಬೆರಳಿಗೇ ಬಡಿಯಿತು. ಬಂಟ ಎಳೆದ, ಹುಡುಗರು ಎಳೆದರು. ನನ್ನ ಹೊಲಿಗೆ ಬಿಡಲಿಲ್ಲ, ಕಲ್ಲೇ ಅಲುಗಾಡಲು ಶುರುಮಾಡಿತು. ಪಟ್ಟಿ ಕತ್ತರಿಸಿ ಬಿಡಿಸೋಣ ಅಂತ ಕತ್ತರಿ ತರಲು ಅಂಗಡಿಯೊಳಗೆ ಓಡಿದೆ.

ಹೊರಗೆ ಲೀಡರ ಗುಡುಗು ಕೇಳಿಸಿತು. "ಯಾವನೋ ಇದನ್ನ ಹೊಲಿದಿದ್ದು? ಎಲ್ಲೋ ಅವನ ಅಂಗಡಿ?"

"ಅಲ್ಲೇ ಎದುರಿಗೆ ಅಣ್ಣ" ಅಂದ ಬಂಟ.

ಲೀಡರು ಎದುರಿಗೆ ನೋಡಿದರು. "ಎಲ್ಲೋ? ಅಲ್ಲಿ ನಾನಿದೀನಲ್ಲೋ!"

"ನಿಮ್ಮ ಹಿಂದೇನೇ ಇದೆ ಅಣ್ಣ."

ಲೀಡರು ತಿರುಗಿ ತಮ್ಮ ಹಿಂದೆ ನೋಡಿದರು. ಅಲ್ಲಿ ಹಿರಿಯ ನಾಗರಿಕರಿದ್ದರು.

"ಈ ಹಿಂದೆ ಅಲ್ಲಣ್ಣ. ಆ ನಿಮ್ಮ ಹಿಂದೆ."

"ತೆಗೀರೋ ಅದನ್ನ!"

ಹುಡುಗರು ಮುಖ ಮುಖ ನೋಡಿಕೊಂಡರು. "ಅಣ್ಣ, ಅದು ನಿಮ್ಮ ಫೋಟೋ..."

"ತೆಗೀರೋ ಅಂದ್ರೆ!"

ಆ ಮಾತು ಕೇಳಲು ನಾನು ಯುಗಾದಿಯಿಂದ ಕಾಯುತ್ತಿದ್ದೆ. ಹುಡುಗರು ಹಾರಿ ಜೋತುಬಿದ್ದರು. ಏಣಿಯವನು ಬಿಗಿದ ಗಂಟೂ ಸೇರಿ ಹಗ್ಗಗಳೆಲ್ಲ ಕಿತ್ತುಬಂದವು. ಹುಟ್ಟುಹಬ್ಬ, ಅಣ್ಣಮ್ಮ, ಎಸ್ಸೆಸ್ಸೆಲ್ಸಿ ಮೂರೂ ಒಟ್ಟಿಗೆ ನೆಲಕ್ಕೆ ಬಿದ್ದವು. ನನ್ನ ಅಂಗಡಿಯ ಒಳಗೆಲ್ಲ ಬಿಸಿಲು ಹರಿಯಿತು. ಬೋರ್ಡು ಹೊಳೆಯಿತು. ಬಾಗಿಲಲ್ಲಿ ನಾನು, ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಕತ್ತರಿ.

ಆಗಿನಿಂದ ಕೈ ಎತ್ತಿ ನಿಂತಿದ್ದ ಜನಕ್ಕೆ ಕೊನೆಗೂ ಏನೋ ಒಂದು ಅನಾವರಣವಾಯಿತಲ್ಲ ಅಂತ ಸಮಾಧಾನ. ಎಲ್ಲರೂ ಚಪ್ಪಾಳೆ ತಟ್ಟಿದರು. ತಮಟೆಯವರು ಬಾರಿಸಿದರು. ಫೋಟೋಗ್ರಾಫರ್ ಓಡಿ ಬಂದು ಕ್ಯಾಮೆರಾ ಎತ್ತಿದ. ಹೊಡೆಯಲು ನುಗ್ಗಿ ಬಂದ ಲೀಡರು ಕ್ಯಾಮೆರಾ ಕಂಡ ತಕ್ಷಣ ನಕ್ಕು ಕೈಮುಗಿದರು. ಅಭ್ಯಾಸಬಲ. ಬಂಟನಿಗೂ ಅಷ್ಟೇ ಅಭ್ಯಾಸ. ನನ್ನ ಕೊರಳಿನ ಟೇಪು ಎಳೆದು ಬಾಗಿಲಿಗೆ ಅಡ್ಡ ಹಿಡಿದ, ನನ್ನ ಕತ್ತರಿ ಕಿತ್ತು ಅಣ್ಣನ ಕೈಗೆ ಕೊಟ್ಟ. ಲೀಡರು ನನ್ನ ಟೇಪು ಕತ್ತರಿಸಿ ನನ್ನ ಹಳೆಯ ಅಂಗಡಿಯನ್ನು ಉದ್ಘಾಟನೆ ಮಾಡಿದರು. ಆಮೇಲೆ ನನ್ನ ಬಿಳಿತಲೆಯ ಮೇಲೆ ಕೈಯಿಟ್ಟು, "ನಮ್ಮ ಏರಿಯಾದ ಯುವಕರು ಹೀಗೇ ಸ್ವಂತ ಉದ್ಯೋಗ ಶುರು ಮಾಡ್ಬೇಕು" ಅಂತ ಭಾಷಣ ಮಾಡಿ ಹೋದರು. ಕಲ್ಲಿನ ನೆನಪು ಯಾರಿಗೂ ಬರಲಿಲ್ಲ. ಅದು ಇವತ್ತಿಗೂ ನನ್ನ ಕವರಿನೊಳಗೆ ಬೆಚ್ಚಗಿದೆ.

ಮಾರನೆಯ ದಿನವೇ ಗಿರಾಕಿಗಳು ಬರತೊಡಗಿದರು. "ಹೊಸ ಅಂಗಡಿನಾ ಸಾರ್?" ಅಂತ ಕೇಳಿದವರಿಗೆಲ್ಲ ಹೌದು ಅಂದೆ. ಮೇಷ್ಟ್ರು ನೆಟ್ಟಗೆ ನಡೆದುಕೊಂಡು ಒಳಗೆ ಬಂದರು. ನನಗೆ ನಿಜವಾಗಿಯೂ ಕಣ್ಣು ತುಂಬಿತು. ಅಂಗಡಿ ಖಾಲಿ ಮಾಡುವ ಯೋಚನೆ ಬಿಟ್ಟೆ ಅಂತ ಹೆಂಡತಿಗೆ ಹೇಳಿದೆ. "ಸ್ವಲ್ಪ ತಡೀರಿ" ಅಂದಳು. ಅವಳಿಗೆ ಈ ಊರು ನನಗಿಂತ ಚೆನ್ನಾಗಿ ಗೊತ್ತು.

ಭಾನುವಾರ ರಜ. ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಕಂಬದಿಂದ ಮರಕ್ಕೆ ಹೊಸ ಫ್ಲೆಕ್ಸು. ಟೇಪು ಕತ್ತರಿಸುತ್ತಿರುವ ಲೀಡರು. ಅವರ ಹಿಂದೆ ನನ್ನ ಅಂಗಡಿಯ ದೊಡ್ಡ ಫೋಟೋ, ಬೋರ್ಡು, ಬಾಗಿಲು, ಹೊಲಿಗೆ ಮೆಷಿನ್ನು ಎಲ್ಲ ನಿಜಕ್ಕಿಂತ ಚೆನ್ನಾಗಿ ಕಾಣುತ್ತಿತ್ತು. ಮೇಲೆ, "ಕವರ್ ಅಂಗಡಿಯನ್ನು ಲೋಕಾರ್ಪಣೆಗೊಳಿಸಿದ ನೆಚ್ಚಿನ ನಾಯಕರಿಗೆ ಅಭಿನಂದನೆಗಳು." ಕೆಳಗೆ ಮೂಲೆಯಲ್ಲಿ ಅಭಿನಂದಿಸುವವರು ಅಂತ ನನ್ನದೇ ಮುಖ. ಸಂದಿಯಲ್ಲಿ ಬಗ್ಗಿ ಒಳಗೆ ಹೋಗಿ ಲೈಟ್ ಹಾಕಿ ಕೂತೆ. ಸ್ವಲ್ಪ ಹೊತ್ತಿಗೆ ಫೋನ್ ಬಂತು.

"ಸಾರ್, ನಿಮ್ಮ ಅಂಗಡಿ ಫ್ಲೆಕ್ಸಲ್ಲಿ ನೋಡಿದೆ. ತುಂಬ ಚೆನ್ನಾಗಿದೆ. ಕಾರಿಗೆ ಕವರ್ ಹೊಲಿಸಬೇಕಿತ್ತು. ಎಲ್ಲಿ ಬರುತ್ತೆ?"

"ನೀವೆಲ್ಲಿದೀರ?"

"ಆ ಫ್ಲೆಕ್ಸ್ ಮುಂದೇನೇ ನಿಂತಿದೀನಿ."

"ಬಗ್ಗಿ ಬನ್ನಿ" ಅಂದೆ.